ಸಾಕುನಾಯಿಯ ತರಬೇತಿ ವಿಧಾನಗಳು

ಸಾಕುನಾಯಿಯ ತರಬೇತಿ ಎಂದರೆ ಮನುಷ್ಯರೊಡನೆ ಒಂದೇ ಮನೆಯಲ್ಲಿ ಬಾಳಲು ಅಗತ್ಯವಾದ ನಡವಳಿಕೆಗಳನ್ನು ನಾಯಿಗೆ ಕಲಿಸುವ ಹಾಗೂ ತೊಂದರೆ ಕೊಡುವ ನಡವಳಿಕೆಗಳನ್ನು ಬಿಡಿಸುವ ಕ್ರಮ. ಕರೆದಾಗ ಬರುವುದು, ಹೇಳಿದಾಗ ಕೂರುವುದು, ಎಳೆದಾಡದೆ ಜೊತೆಯಲ್ಲಿ ನಡೆಯುವುದು, ಮಲಮೂತ್ರಕ್ಕೆ ಗೊತ್ತಾದ ಜಾಗವನ್ನು ಬಳಸುವುದು, ಬಂದವರ ಮೇಲೆ ಎಗರದಿರುವುದು ಇದರಲ್ಲಿ ಸೇರುತ್ತವೆ. ಪೊಲೀಸ್ ಶ್ವಾನದಳದ ಅಥವಾ ಬೆಂಗಳೂರು ಹೊರವಲಯದ ತರಳುವಿನಲ್ಲಿರುವ ಕೇಂದ್ರೀಯ ಮೀಸಲು ಪೊಲೀಸ್ ಪಡೆಯ ಶ್ವಾನ ತರಬೇತಿ ಶಾಲೆಯ ಕ್ರಮಕ್ಕಿಂತ ಇದು ಭಿನ್ನವಾದುದು. ಅಲ್ಲಿ ನಾಯಿಗೆ ನಿಯೋಜಿತ ಹ್ಯಾಂಡ್ಲರ್ ಇರುತ್ತಾರೆ. ಮನೆಯಲ್ಲಾದರೋ ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರೂ, ಬಹುಪಾಲು ತಮಗೆ ಅರಿವಿಲ್ಲದೆಯೇ, ನಾಯಿಗೆ ಏನನ್ನಾದರೂ ಕಲಿಸುತ್ತಲೇ ಇರುತ್ತಾರೆ.

ಅಂಗಳದಲ್ಲಿ ಬಿಟ್ಟು ಸಾಕುತ್ತಿದ್ದ ಕಾಲದಲ್ಲಿ ನಾಯಿಗೆ ವಿಶೇಷ ಶಿಕ್ಷಣದ ಅಗತ್ಯ ಅಷ್ಟಾಗಿ ಕಾಣುತ್ತಿರಲಿಲ್ಲ. ಗರುಡಾಚಾರ್‌ಪಾಳ್ಯ, ಹೂಡಿ, ಮಹದೇವಪುರಗಳಂತಹ ಪೂರ್ವ ಬೆಂಗಳೂರಿನ ಬಡಾವಣೆಗಳಲ್ಲಿ ಹಳೆಯ ಊರಿನ ಮನೆಗಳ ಪಕ್ಕದಲ್ಲೇ ಬಹುಮಹಡಿ ವಸತಿ ಸಮುಚ್ಚಯಗಳು ಎದ್ದಿವೆ. ಇಲ್ಲಿ ಸಾಕಿದ ನಾಯಿ ಲಿಫ್ಟಿನಲ್ಲಿ ಅಪರಿಚಿತರೊಡನೆ ನಿಲ್ಲಬೇಕು, ಗೋಡೆಯಾಚೆಯ ಸದ್ದಿಗೆ ಬೊಗಳದಿರಬೇಕು, ಮನೆಯವರು ಕೆಲಸಕ್ಕೆ ಹೋದಾಗ ಒಂಟಿಯಾಗಿರಬೇಕು. ಇವನ್ನು ಕಲಿಯದ ನಾಯಿಯನ್ನು ಬಾಲ್ಕನಿಯಲ್ಲಿ ಕಟ್ಟಿಹಾಕುವುದೂ ಕೊನೆಗೆ ಬೀದಿಗೆ ಬಿಡುವುದೂ ಉಂಟು. ಮನೆಯೊಳಗೆ ಬೆಳೆದ ನಾಯಿಗೆ ಬೀದಿಯ ಬದುಕು ಬಹಳ ಕಠಿಣ.

ಹಿನ್ನೆಲೆ

ಕನ್ನಡನಾಡಿನಲ್ಲಿ ನಾಯಿ ಸಾಕಣೆಗೆ ಪ್ರಾಚೀನ ದಾಖಲೆಗಳಿವೆ. ಹತ್ತನೆಯ ಶತಮಾನದ ಆತಕೂರು ಶಾಸನವು ಮಣಲೇರನೆಂಬ ವೀರನು ಬಹುಮಾನವಾಗಿ ಪಡೆದ ಕಾಳಿ ಎಂಬ ಬೇಟೆನಾಯಿಯು ಕಾಡುಹಂದಿಯೊಡನೆ ಹೋರಾಡಿ ಮಡಿದುದನ್ನು ಹೇಳುತ್ತದೆ. ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿಯನ್ನು ಪಳಗಿಸಿದ ಬಗೆಯನ್ನು ಮಾತ್ರ ಶಾಸನ ತಿಳಿಸುವುದಿಲ್ಲ.

ಆಧುನಿಕ ತರಬೇತಿಯ ಆರಂಭದ ಗ್ರಂಥಗಳಲ್ಲಿ ಜರ್ಮನಿಯ ಪೊಲೀಸ್ ಅಧಿಕಾರಿ ಕೊನ್ರಾಡ್ ಮೋಸ್ಟ್ 1910ರಲ್ಲಿ ಪ್ರಕಟಿಸಿದ ಕೈಪಿಡಿ ಮುಖ್ಯವಾದುದು. ಪೊಲೀಸ್ ಮತ್ತು ಸೇನಾ ನಾಯಿಗಳಿಗೆ ಹೊಂದುವ ಗದರಿಕೆ ಹಾಗೂ ಬಲಪ್ರಯೋಗದ ಕ್ರಮವು ಇಂತಹ ಕೃತಿಗಳ ಮೂಲಕ ಮನೆಗಳಿಗೂ ಬಂದಿತು. ಅಮೆರಿಕದ ವಿಲಿಯಂ ಕೋಹ್ಲರ್ 1962ರಲ್ಲಿ ಬರೆದ ಪುಸ್ತಕವು ಕೊರಳ ಸರಪಳಿಯನ್ನು ಜಗ್ಗಿ ತಿದ್ದುವ ಪದ್ಧತಿಯನ್ನು ಜನಪ್ರಿಯಗೊಳಿಸಿತು. ಇದಕ್ಕೆ ಎದುರಾದ ಧಾರೆಯು ಮನೋವಿಜ್ಞಾನದ ಪ್ರಯೋಗಾಲಯದಿಂದ ಬಂದಿತು. ಬಿ. ಎಫ್. ಸ್ಕಿನ್ನರ್ 1951ರ ಲೇಖನವೊಂದರಲ್ಲಿ, ಟಿಕ್ ಎಂದು ಸದ್ದು ಮಾಡುವ ಆಟಿಕೆ ಮತ್ತು ತಿನಿಸಿನ ನೆರವಿನಿಂದ ಮನೆಯಲ್ಲೇ ನಾಯಿಗೆ ಕಲಿಸುವ ಬಗೆಯನ್ನು ವಿವರಿಸಿದರು. ಡಾಲ್ಫಿನ್ ತರಬೇತುದಾರರಾಗಿದ್ದ ಕರೆನ್ ಪ್ರಯರ್ ಅವರ 1984ರ ಪುಸ್ತಕವು ಈ ಕ್ರಮವನ್ನು ನಾಯಿ ಸಾಕುವವರ ನಡುವೆ ಹರಡಿತು.

ಕಲಿಕೆಯ ತತ್ತ್ವ

ನಾಯಿಯು ಮುಖ್ಯವಾಗಿ ಎರಡು ಬಗೆಯಲ್ಲಿ ಕಲಿಯುತ್ತದೆ. ಎರಡು ಸಂಗತಿಗಳು ಮತ್ತೆ ಮತ್ತೆ ಒಟ್ಟಿಗೆ ಬಂದಾಗ ಒಂದನ್ನು ಇನ್ನೊಂದರ ಸೂಚನೆಯೆಂದು ಅರಿಯುವುದು ಮೊದಲನೆಯದು. ಇವಾನ್ ಪಾವ್ಲೋವ್ ತೋರಿಸಿಕೊಟ್ಟ ಇದನ್ನು ಶಾಸ್ತ್ರೀಯ ಅನುಬಂಧನ ಎನ್ನುತ್ತಾರೆ. ಚೈನಿನ ಸದ್ದು ಕೇಳಿದೊಡನೆ ನಾಯಿ ಬಾಗಿಲಿಗೆ ಓಡುವುದು ಇದರಿಂದಲೇ. ತನ್ನ ಕ್ರಿಯೆಯ ಫಲವನ್ನು ಕಂಡು ಅದನ್ನು ಹೆಚ್ಚಿಸುವುದು ಅಥವಾ ಬಿಡುವುದು ಎರಡನೆಯದು. ಇದು ಸ್ಕಿನ್ನರ್ ವಿವರಿಸಿದ ಕ್ರಿಯಾಜನ್ಯ ಅನುಬಂಧನ. ಕ್ರಿಯೆ ಹೆಚ್ಚುವಂತೆ ಮಾಡುವ ಫಲಕ್ಕೆ ಪುನರ್ಬಲನ ಎಂದು ಹೆಸರು.

ಈ ಎರಡರಲ್ಲೂ ಕಾಲದ ಅಂತರವೇ ನಿರ್ಣಾಯಕ. ಫಲವು ಕ್ರಿಯೆಯ ಹಿಂದೆಯೇ, ಒಂದೆರಡು ಸೆಕೆಂಡುಗಳೊಳಗೆ ಬರಬೇಕು. ಸಂಜೆ ಮನೆಗೆ ಬಂದವರು ಬೆಳಿಗ್ಗೆ ಹರಿದ ದಿಂಬನ್ನು ತೋರಿಸಿ ಬೈದರೆ, ನಾಯಿ ಆ ಬೈಗುಳವನ್ನು ದಿಂಬು ಹರಿದುದಕ್ಕೆ ಜೋಡಿಸಲಾರದು; ಬಾಗಿಲು ತೆರೆದು ಬಂದವರಿಗೇ ಜೋಡಿಸುತ್ತದೆ. ಆಗ ಅದು ತಲೆ ತಗ್ಗಿಸಿ, ಕಿವಿ ಹಿಂದಕ್ಕೆ ಮಾಡಿ ಕೂರುವುದನ್ನು ಜನರು ತಪ್ಪೊಪ್ಪಿಗೆ ಎಂದು ತಿಳಿಯುತ್ತಾರೆ. ಅಲೆಕ್ಸಾಂಡ್ರಾ ಹೊರೋವಿಟ್ಜ್ 2009ರಲ್ಲಿ 14 ನಾಯಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಈ ‘ಅಪರಾಧಿ ನೋಟ’ವು ನಾಯಿ ತಪ್ಪು ಮಾಡಿತ್ತೇ ಇಲ್ಲವೇ ಎಂಬುದನ್ನು ಅವಲಂಬಿಸಿರಲಿಲ್ಲ, ಒಡೆಯರು ಗದರಿದಾಗ ಹೆಚ್ಚಾಗಿ ಕಾಣಿಸಿಕೊಂಡಿತು.

ಮುಖ್ಯ ವಿಧಾನಗಳು

ಬಹುಮಾನ ಆಧಾರಿತ ವಿಧಾನದಲ್ಲಿ ಬೇಕಾದ ನಡವಳಿಕೆ ಕಂಡೊಡನೆ ನಾಯಿಗೆ ಇಷ್ಟವಾದುದನ್ನು ಕೊಡಲಾಗುತ್ತದೆ. ಬೇಡದ ನಡವಳಿಕೆಗೆ ಫಲ ಸಿಗದಂತೆ ನೋಡಿಕೊಳ್ಳಲಾಗುತ್ತದೆ. ಕೂರುವುದನ್ನು ಕಲಿಸಲು ತಿನಿಸಿನ ಚೂರನ್ನು ಮೂಗಿನ ಬಳಿ ಹಿಡಿದು ನಿಧಾನವಾಗಿ ತಲೆಯ ಮೇಲಿಂದ ಹಿಂದಕ್ಕೆ ಒಯ್ದರೆ ಸಾಕು. ಮೂಗು ಮೇಲೇರಿದಂತೆ ಹಿಂಭಾಗ ತಾನಾಗಿ ನೆಲಕ್ಕೆ ತಾಗುತ್ತದೆ. ಸೊಂಟವನ್ನು ಒತ್ತಿ ಕೂರಿಸುವ ಅಗತ್ಯವಿಲ್ಲ. ಕೆಲವು ಸಲ ಹೀಗೆ ಮಾಡಿದ ಮೇಲೆ ಕೈಸನ್ನೆಗೆ ಮುಂಚೆ ‘ಕೂರು’ ಎಂಬ ಪದವನ್ನು ಸೇರಿಸಲಾಗುತ್ತದೆ. ಬೇಯಿಸಿದ ಕೋಳಿಮಾಂಸ, ಮೊಟ್ಟೆ ಅಥವಾ ಕ್ಯಾರೆಟ್ಟಿನ ಬಟಾಣಿ ಗಾತ್ರದ ಚೂರು ಬಹುಮಾನಕ್ಕೆ ಸಾಕಾಗುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ಮತ್ತು ಚಾಕೊಲೇಟ್ ನಾಯಿಗೆ ವಿಷಕಾರಿ. ನಡವಳಿಕೆ ನೆಲೆಗೊಂಡ ಮೇಲೆ ಪ್ರತಿಸಲ ತಿನಿಸು ಕೊಡಬೇಕಿಲ್ಲ. ಆಗೊಮ್ಮೆ ಈಗೊಮ್ಮೆ ಸಿಗುವ ಬಹುಮಾನವು ಕಲಿತದ್ದನ್ನು ಇನ್ನಷ್ಟು ಗಟ್ಟಿಮಾಡುತ್ತದೆ.

ಇದೇ ನಿಯಮ ಮನೆಯವರಿಗೆ ತಿರುಗುಬಾಣವಾಗುವುದೂ ಇದೆ. ಊಟದ ಹೊತ್ತಿನಲ್ಲಿ ಬೊಗಳುವ ನಾಯಿಗೆ ನಾಲ್ಕು ದಿನ ಏನೂ ಕೊಡದೆ ಐದನೆಯ ದಿನ ತುಂಡು ದೋಸೆ ಎಸೆದರೆ, ಆ ಬೊಗಳುವಿಕೆಗೆ ಆಗೊಮ್ಮೆ ಈಗೊಮ್ಮೆ ಬಹುಮಾನ ಸಿಕ್ಕಂತಾಗುತ್ತದೆ. ಫಲ ಸಿಗುವುದು ನಿಂತಾಗ ನಾಯಿ ಮೊದಲು ಇನ್ನೂ ಜೋರಾಗಿ ಬೊಗಳುತ್ತದೆ; ಇದು ನಿರೀಕ್ಷಿತ. ಬಹಳ ಮನೆಗಳಲ್ಲಿ ಸೋಲುವುದು ಈ ಘಟ್ಟದಲ್ಲೇ.

ಕ್ಲಿಕ್ಕರ್ ವಿಧಾನವು ಇದರ ಒಂದು ಶಾಖೆ. ಕೈಯಲ್ಲಿ ಹಿಡಿಯುವ ಚಿಕ್ಕ ಸಾಧನದ ಸದ್ದಿನ ಹಿಂದೆಯೇ ತಿನಿಸು ಬರುತ್ತದೆಂದು ಮೊದಲು ಕಲಿಸಿ, ಅನಂತರ ಸರಿಯಾದ ಕ್ರಿಯೆಯ ಕ್ಷಣವನ್ನು ಆ ಸದ್ದಿನಿಂದ ಗುರುತಿಸಲಾಗುತ್ತದೆ. ದೂರದಲ್ಲಿರುವ ನಾಯಿಗೂ ಕ್ಷಣವನ್ನು ನಿಖರವಾಗಿ ತಿಳಿಸಬಹುದೆಂಬುದು ಇದರ ಅನುಕೂಲ. ಸಾಧನ ಇಲ್ಲದವರು ಸದಾ ಒಂದೇ ಬಗೆಯಲ್ಲಿ ಉಚ್ಚರಿಸುವ ಗಿಡ್ಡ ಪದವೊಂದನ್ನು ಬಳಸಬಹುದು.

ಶಿಕ್ಷೆ ಆಧಾರಿತ ವಿಧಾನವು ಬಿಗಿಯುವ ಸರಪಳಿ, ಮುಳ್ಳುಪಟ್ಟಿ, ವಿದ್ಯುತ್ ಆಘಾತದ ಕೊರಳಪಟ್ಟಿ, ಹೊಡೆತ ಮತ್ತು ಗದರಿಕೆಗಳನ್ನು ಬಳಸುತ್ತದೆ. ಇದು ನಡವಳಿಕೆಯನ್ನು ತಡೆಯಬಲ್ಲುದು, ಕೆಲವೊಮ್ಮೆ ಬೇಗನೆಯೇ. ಆದರೆ ಭಯದಿಂದ ಗುರ್ ಎನ್ನುವ ನಾಯಿಗೆ ಹೊಡೆದರೆ ನಿಲ್ಲುವುದು ಗುರುಗುಟ್ಟುವಿಕೆ, ಭಯವಲ್ಲ. ಎಚ್ಚರಿಕೆ ಕೊಡುವುದನ್ನು ಬಿಟ್ಟ ನಾಯಿ ಮುಂದೊಮ್ಮೆ ನೇರವಾಗಿ ಕಚ್ಚಬಹುದು. ಮೆಘನ್ ಹೆರಾನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ನಡೆಸಿ 2009ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಹೊಡೆಯುವುದು, ಒದೆಯುವುದು, ಬಲವಂತವಾಗಿ ಕೆಡವಿ ಹಿಡಿಯುವುದು ಮುಂತಾದವಕ್ಕೆ ಗಮನಾರ್ಹ ಸಂಖ್ಯೆಯ ನಾಯಿಗಳು ಆಕ್ರಮಣದಿಂದಲೇ ಉತ್ತರಿಸಿದ್ದು ಕಂಡುಬಂದಿತು. ಪೋರ್ಚುಗಲ್ಲಿನ 92 ಸಾಕುನಾಯಿಗಳ ಮೇಲಿನ 2020ರ ಅಧ್ಯಯನವು, ಶಿಕ್ಷೆಯನ್ನು ಹೆಚ್ಚಾಗಿ ಬಳಸುವ ಶಾಲೆಗಳ ನಾಯಿಗಳಲ್ಲಿ ಒತ್ತಡದ ಲಕ್ಷಣಗಳು ಹೆಚ್ಚೆಂದು ತೋರಿಸಿತು.

ಯಜಮಾನಿಕೆಯ ಸಿದ್ಧಾಂತವು ಶಿಕ್ಷೆಗೆ ಸಮರ್ಥನೆಯಾಗಿ ಬಹುಕಾಲ ಬಳಕೆಯಾಗಿದೆ. ನಾಯಿಯು ತೋಳದ ಸಂತತಿ. ತೋಳಗಳ ಗುಂಪಿಗೆ ಬಲದಿಂದ ಮೇಲೇರಿದ ನಾಯಕನಿರುತ್ತಾನೆ. ಆದ್ದರಿಂದ ಒಡೆಯನು ಆ ನಾಯಕನಾಗಬೇಕು ಎಂಬುದು ಇದರ ವಾದ. ಇದರ ಮೂಲ ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ, ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳ ವರ್ಣನೆ. ಈ ಕಲ್ಪನೆಯನ್ನು ತಮ್ಮ 1970ರ ಪುಸ್ತಕದಿಂದ ಹರಡಿದ್ದ ಡೇವಿಡ್ ಮೆಕ್ ಅವರೇ, ಕಾಡಿನ ತೋಳಗಳ ಗುಂಪು ಸಾಮಾನ್ಯವಾಗಿ ತಂದೆ, ತಾಯಿ ಮತ್ತು ಮರಿಗಳ ಕುಟುಂಬವೆಂದು 1999ರಲ್ಲಿ ಬರೆದು ಅದನ್ನು ತಿದ್ದಿದರು. ಬಾಗಿಲಲ್ಲಿ ಮನುಷ್ಯರೇ ಮೊದಲು ದಾಟಬೇಕು, ನಾಯಿಗಿಂತ ಮುಂಚೆ ಉಣ್ಣಬೇಕು ಎಂಬ ಉಪದೇಶಗಳು ಇನ್ನೂ ಚಲಾವಣೆಯಲ್ಲಿರುವುದು ಈ ಹಳೆಯ ಗ್ರಹಿಕೆಯ ಶೇಷ.

ಅನುಕರಣೆಯ ವಿಧಾನ ಇವುಗಳಿಗಿಂತ ಹೊಸದು. ಹಂಗೇರಿಯಲ್ಲಿ ಕ್ಲಾಡಿಯಾ ಫುಗಾಝಾ ಮತ್ತು ಆಡಾಂ ಮಿಕ್ಲೋಶಿ ನಡೆಸಿದ ಸಂಶೋಧನೆಯಿಂದ ಪರಿಚಿತವಾದ ಇದರಲ್ಲಿ, ಮನುಷ್ಯರು ಮಾಡಿ ತೋರಿಸಿದ ಕ್ರಿಯೆಯನ್ನು ನಾಯಿ ನೋಡಿ ಮಾಡುತ್ತದೆ.

ಮನೆಯಲ್ಲಿ ಅನ್ವಯ

ಮರಿಯ ಸಾಮಾಜಿಕ ಕಲಿಕೆಗೆ ಸುಮಾರು 3ರಿಂದ 14 ವಾರಗಳ ವಯಸ್ಸು ಅತ್ಯಂತ ಸೂಕ್ಷ್ಮ ಕಾಲ. ಲಸಿಕೆಗಳು ಪೂರ್ಣವಾಗದ ಮರಿಯನ್ನು ಪಾರ್ವೊ ಸೋಂಕಿನ ಭಯದಿಂದ ರಸ್ತೆಗೆ ಇಳಿಸಲಾಗದ ಕಾಲವೂ ಇದೇ. ಎತ್ತಿಕೊಂಡು ಹೋಗಿ ಲಿಫ್ಟು, ಆಟೋ, ಹೆಲ್ಮೆಟ್ ಧರಿಸಿದವರು, ಕಾವಲುಗಾರರು, ಮೆಟ್ರೋ ಸದ್ದು ಇವನ್ನೆಲ್ಲ ದೂರದಿಂದ ಪರಿಚಯಿಸುವುದು ನಡುದಾರಿ.

ಶೌಚದ ಶಿಕ್ಷಣದಲ್ಲಿ ಮರಿಯ ಮೂತ್ರಕೋಶದ ಮಿತಿಯನ್ನು ಮೊದಲು ತಿಳಿಯಬೇಕು. ಎರಡು ತಿಂಗಳ ಮರಿ ಹಗಲಿನಲ್ಲಿ ಎರಡು ಮೂರು ಗಂಟೆಗಿಂತ ಹೆಚ್ಚು ತಡೆಯಲಾರದು. ನಿದ್ರೆಯಿಂದ ಎದ್ದೊಡನೆ, ಉಂಡ ಬಳಿಕ, ಆಟದ ನಂತರ ಗೊತ್ತಾದ ಜಾಗಕ್ಕೆ ಒಯ್ಯಬೇಕು. ಎತ್ತರದ ಮಹಡಿಯಲ್ಲಿ ಲಿಫ್ಟಿಗೆ ಕಾಯುವಷ್ಟರಲ್ಲೇ ಅವಘಡವಾಗುವುದರಿಂದ, ಆರಂಭದಲ್ಲಿ ಬಾಲ್ಕನಿಯಲ್ಲಿ ಪತ್ರಿಕೆ ಅಥವಾ ಹುಲ್ಲಿನ ತಟ್ಟೆ ಇಡುವುದು ರೂಢಿ. ತಪ್ಪಿದಲ್ಲಿ ಮೂತಿಯನ್ನು ಅಲ್ಲಿಗೆ ಒತ್ತುವ ಹಳೆಯ ಪದ್ಧತಿಯಿಂದ ಮರಿ ಮನುಷ್ಯರೆದುರು ಮೂತ್ರ ಮಾಡಲು ಹೆದರಿ ಸೋಫಾದ ಹಿಂದೆ ಹೋಗುವುದನ್ನು ಕಲಿಯುತ್ತದೆ. ಫಿನಾಯಿಲ್‌ನಿಂದ ಮನುಷ್ಯರಿಗೆ ವಾಸನೆ ಮರೆಯಾದರೂ ನಾಯಿಯ ಮೂಗಿಗೆ ಉಳಿದಿರುತ್ತದೆ; ಕಿಣ್ವಯುಕ್ತ ದ್ರಾವಣದಿಂದ ತೊಳೆಯುವುದು ಉತ್ತಮ.

ಆಜ್ಞೆಯ ಪದ ಯಾವ ಭಾಷೆಯದಾದರೂ ಆದೀತು, ಮನೆಮಂದಿಗೆಲ್ಲ ಒಂದೇ ಆಗಿರಬೇಕು. ಬೆಂಗಳೂರಿನ ಮನೆಗಳಲ್ಲಿ ಇದು ಸಣ್ಣ ವಿಷಯವಲ್ಲ: ತಂದೆ ‘ಕೂರು’ ಎಂದು, ಮಕ್ಕಳು ‘ಸಿಟ್’ ಎಂದು, ಮನೆಗೆಲಸದವರು ತೆಲುಗಿನಲ್ಲಿಯೋ ತಮಿಳಿನಲ್ಲಿಯೋ ಹೇಳುವಾಗ ನಾಯಿ ಮೊಂಡಾಗಿ ಕಂಡರೆ ಅದರ ತಪ್ಪಲ್ಲ. ಹೆಸರು ಹಿಡಿದು ಬೈಯುವುದೂ ಹಾಗೆಯೇ. ಆಮೇಲೆ ಹೆಸರು ಕೂಗಿದರೆ ನಾಯಿ ಬರುವುದಿಲ್ಲ.

ನಡೆದಾಟದಲ್ಲಿ ಬೀದಿನಾಯಿಗಳು ಎದುರಾಗುವುದು ಅನಿವಾರ್ಯ. ಹಗ್ಗವನ್ನು ಬಿಗಿಯಾಗಿ ಜಗ್ಗಿದರೆ ಸಾಕುನಾಯಿಯ ಕಳವಳ ಹೆಚ್ಚುತ್ತದೆ. ಅದು ಇನ್ನೂ ಶಾಂತವಾಗಿರುವಷ್ಟು ದೂರದಲ್ಲಿಯೇ ತಿನಿಸು ಕೊಡುತ್ತಾ, ಆ ಅಂತರವನ್ನು ದಿನಗಟ್ಟಲೆ ನಿಧಾನವಾಗಿ ಕಡಿಮೆ ಮಾಡಲಾಗುತ್ತದೆ. ದೀಪಾವಳಿಯ ಪಟಾಕಿಗೂ ಇದೇ ಕ್ರಮ: ಹಬ್ಬಕ್ಕೆ ತಿಂಗಳುಗಳ ಮುಂಚೆಯೇ ಧ್ವನಿಮುದ್ರಿತ ಸದ್ದನ್ನು ಅತಿ ಮೆಲ್ಲಗೆ ಕೇಳಿಸಿ, ತಿನಿಸಿನೊಡನೆ ಜೋಡಿಸಿ, ಕ್ರಮೇಣ ಏರಿಸಬೇಕು. ಹಬ್ಬದ ದಿನ ಆರಂಭಿಸಿದರೆ ಪ್ರಯೋಜನವಿಲ್ಲ.

ತಳಿ ಮತ್ತು ಸ್ವಭಾವ

ಕಲಿಕೆಯ ತತ್ತ್ವ ಎಲ್ಲ ನಾಯಿಗಳಿಗೂ ಒಂದೇ. ಯಾವುದು ಸುಲಭ ಎಂಬುದು ತಳಿಯೊಡನೆ ಬದಲಾಗುತ್ತದೆ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಕಣ್ಣಿನಿಂದ ಬೇಟೆಯನ್ನು ಗುರುತಿಸಿ ಬೆನ್ನಟ್ಟುವ ತಳಿ. ಓಡುವ ಅಳಿಲನ್ನು ಕಂಡ ಮೇಲೆ ಅದನ್ನು ಹಿಂದಕ್ಕೆ ಕರೆಯುವುದು ಕಷ್ಟ. ಆದ್ದರಿಂದ ಬೇಲಿಯಿಲ್ಲದ ಜಾಗದಲ್ಲಿ ಉದ್ದನೆಯ ಹಗ್ಗ ಬೇಕಾಗುತ್ತದೆ. ಲ್ಯಾಬ್ರಡಾರ್ ತಿನಿಸಿಗೆ ಬೇಗ ಒಲಿಯುತ್ತದೆ. ಬೀದಿಯಿಂದ ತಂದ ದೇಶಿ ನಾಯಿಗಳು ಚೆನ್ನಾಗಿ ಕಲಿಯುತ್ತವೆಯಾದರೂ, ದೊಡ್ಡವಾದ ಮೇಲೆ ತಂದವು ಮುಟ್ಟಿಸಿಕೊಳ್ಳಲು ಸಮಯ ತೆಗೆದುಕೊಳ್ಳಬಹುದು.

ಕಾನೂನು

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ರ 11ನೆಯ ಕಲಮಿನ ಪ್ರಕಾರ ಪ್ರಾಣಿಗೆ ಅನಗತ್ಯ ನೋವಾಗುವಂತೆ ಹೊಡೆಯುವುದು, ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಅಕಾರಣವಾಗಿ ದೀರ್ಘಕಾಲ ಕಟ್ಟುವುದು, ಸದಾ ಕಟ್ಟಿಹಾಕಿದ ನಾಯಿಗೆ ವ್ಯಾಯಾಮ ಕೊಡದಿರುವುದು ಮತ್ತು ಹಸಿವು ಬಾಯಾರಿಕೆಗಳಿಂದ ನೋಯುವಂತೆ ಪ್ರಾಣಿಯನ್ನು ತೊರೆಯುವುದು ಅಪರಾಧಗಳು. ತರಬೇತಿಯ ಹೆಸರಿನಲ್ಲಿ ಮಾಡಿದ ಹಿಂಸೆಗೆ ಕಾಯ್ದೆಯಲ್ಲಿ ವಿನಾಯಿತಿ ಇಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ವಸತಿ ಸಂಘಗಳು ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ. ಬೊಗಳುವಿಕೆಯೊಂದನ್ನೇ ಕಾರಣವಾಗಿಟ್ಟು ನಾಯಿಯನ್ನು ಹೊರಹಾಕುವಂತೆ ಒತ್ತಾಯಿಸುವುದಕ್ಕೂ ಅದರಲ್ಲಿ ಸಮ್ಮತಿಯಿಲ್ಲ. ನೆರೆಹೊರೆಗೆ ತೊಂದರೆಯಾಗದಂತೆ ನೋಡಿಕೊಳ್ಳುವ ಹೊಣೆ ಸಾಕುವವರದೆಂದೂ ಅದು ಹೇಳುತ್ತದೆ.