ದೊರೆ ಪಟ್ಟ ಬಿಟ್ಟ, ನಾಣ್ಯಕ್ಕೆ ಕೋಟಿ ಬೆಲೆ ಬಂತು

ಈ ಚಿನ್ನದ ನಾಣ್ಯದಲ್ಲಿರುವ ಮುಖ ಬ್ರಿಟನ್ನಿನ ಎಂಟನೇ ಎಡ್ವರ್ಡನದು. 1936ರ ಜನವರಿಯಲ್ಲಿ ದೊರೆಯಾದವನು ಡಿಸೆಂಬರಿನಲ್ಲಿ ಪಟ್ಟ ಬಿಟ್ಟ. ಅಷ್ಟರಲ್ಲಿ ಲಂಡನ್ನಿನ ರಾಯಲ್ ಮಿಂಟ್ 1937ರ ಇಸವಿ ಹಾಕಿ ಮಾದರಿ ನಾಣ್ಯಗಳನ್ನು ಟಂಕಿಸಿಬಿಟ್ಟಿತ್ತು.

ಮುಖವನ್ನು ಸರಿಯಾಗಿ ನೋಡಿ. ಎಡಕ್ಕೆ ತಿರುಗಿದೆ. ಒಬ್ಬ ದೊರೆ ಎಡಕ್ಕೆ ನೋಡಿದರೆ ಮುಂದಿನವರು ಬಲಕ್ಕೆ ನೋಡಬೇಕು, ಇದು ಬಹುಕಾಲದ ರೂಢಿ. ತಂದೆ ಐದನೇ ಜಾರ್ಜ್ ಎಡಕ್ಕೆ ನೋಡಿದ್ದ. ಆದರೆ ಬೈತಲೆ ಕಾಣುವ ಎಡಮಗ್ಗುಲೇ ಚೆಂದ ಎಂದು ಮಗ ಹಟ ಹಿಡಿದ, ಗೆದ್ದ. ಮುಂದೆ ಈ ನಾಣ್ಯಗಳ ಒಂದು ಸೆಟ್ ತನಗೆ ಬೇಕೆಂದು ಕೇಳಿದಾಗ ಮಾತ್ರ, ಪಟ್ಟವೇರಿದ್ದ ತಮ್ಮ ಆರನೇ ಜಾರ್ಜ್ ಕೊಡಲಿಲ್ಲ!

ಸಾವರಿನ್ ಎಂಬ ಬ್ರಿಟನ್ನಿನ ಚಿನ್ನದ ನಾಣ್ಯದಲ್ಲಿರುವ ಅಪ್ಪಟ ಚಿನ್ನ ಏಳೂವರೆ ಗ್ರಾಂಗೂ ಕಡಿಮೆ. 2020ರಲ್ಲಿ ಎಡ್ವರ್ಡನ ಸಾವರಿನ್ ಒಂದು 10 ಲಕ್ಷ ಪೌಂಡಿಗೆ ಮಾರಾಟವಾಯಿತು. ಮರುವರ್ಷ ಅಮೆರಿಕದ ಹರಾಜಿನಲ್ಲಿ ಅವನ ಐದು ಪೌಂಡಿನ ನಾಣ್ಯ 22.8 ಲಕ್ಷ ಡಾಲರ್ ಮುಟ್ಟಿತು.

ಯಾಕಿಷ್ಟು? ಬ್ರಿಟನ್ನಿನಲ್ಲಿ ಅವನ ನಾಣ್ಯ ಚಲಾವಣೆಗೆ ಬರಲೇ ಇಲ್ಲ. ಹಾಗಾಗಿ ಅಲ್ಲಿನ ಎಲ್ಲ ದೊರೆಗಳ ನಾಣ್ಯ ಕೂಡಿಸುವವರ ಸಾಲಿನಲ್ಲಿ ಇವನ ಜಾಗವೇ ಖಾಲಿ ಉಳಿಯುತ್ತದೆ. ಆ ಒಂದು ಜಾಗ ತುಂಬಲು ಇಬ್ಬರು ಶ್ರೀಮಂತರು ಎದುರುಬದುರಾದರೆ ಸಾಕು, ಹರಾಜಿನ ಕೂಗು ಏರುತ್ತದೆ. ನಾಣ್ಯದ ಗುಣಮಟ್ಟ ಹೇಳುವ 70 ಅಂಕಗಳ ಅಳತೆಯಲ್ಲಿ ಒಂದೇ ಅಂಕ ಹೆಚ್ಚಿದ್ದರೂ ಪೈಪೋಟಿ ಬೇರೆಯೇ.

ನಮ್ಮ ದೇಶದಲ್ಲಿ ಕಛ್ ಮತ್ತು ಜೋಧಪುರ ಸಂಸ್ಥಾನಗಳ ನಾಣ್ಯಗಳಲ್ಲಿ ಎಡ್ವರ್ಡನ ಹೆಸರು ನಿಜವಾಗಿಯೂ ಚಲಾವಣೆಗೆ ಬಂತು. ಮನೆಯ ಪೆಟ್ಟಿಗೆಯಲ್ಲಿ ಅಂಥ ಹಳೇ ನಾಣ್ಯ ಸಿಕ್ಕಿದರೆ ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹೊಳಪು ಬರುತ್ತದೆ, ಬೆಲೆ ಬಿದ್ದುಹೋಗುತ್ತದೆ.