ಅಮೀರ್‌ಬಾಯಿ ಹೆಸರಿನ ಹಿಂದಿನ ಊರು

ಪ್ರಶ್ನೆ: ಹಳೆಯ ಹಿಂದಿ ಸಿನಿಮಾ ಹಾಡುಗಳ ಅಮೀರ್‌ಬಾಯಿ ಕರ್ನಾಟಕಿ ನಮ್ಮ ಕಡೆಯವರೇ? – ಓದುಗರು, ಅಫಜಲಪುರ

ಹೌದು, ನಿಮ್ಮ ನೆರೆಯವರೇ! ಭೀಮೆ ದಾಟಿದರೆ ವಿಜಯಪುರ ಸೀಮೆ. ಆಗ ಅದೇ ಜಿಲ್ಲೆಯಲ್ಲಿದ್ದ ಬೀಳಗಿ ಅವರ ಹುಟ್ಟೂರು. ಅಕ್ಕ ಗೋಹರ್‌ಬಾಯಿಯೂ ಗಾಯಕಿ, ನಟಿ. ಮರಾಠಿ ರಂಗನಟ ಬಾಲಗಂಧರ್ವರ ಜೊತೆ ರಂಗದ ಮೇಲೆ ಮಿಂಚಿದವರು. ನಾಟಕದಿಂದ ಮುಂಬೈ ಸಿನಿಮಾಕ್ಕೆ ಹೋದ ಅಮೀರ್‌ಬಾಯಿಗೆ 1943ರ ‘ಕಿಸ್ಮತ್’ ದೇಶವ್ಯಾಪಿ ಹೆಸರು ತಂದಿತು. ಸಂಗೀತ ಅನಿಲ್ ಬಿಸ್ವಾಸರದು. ಸ್ವಾತಂತ್ರ್ಯ ಚಳವಳಿಯ ಕಾವು ಆರದ ದಿನಗಳಲ್ಲಿ, ಪರಕೀಯರನ್ನು ಹೊರಗಟ್ಟುವ ಆ ಚಿತ್ರದ ಹಾಡಿಗೆ ದನಿಯಾದವರು ಬೀಳಗಿಯ ಈ ಹೆಣ್ಣುಮಗಳು. ಆಗಿನದು ಒಂದು ಬದಿಗೆ ಮೂರೇ ನಿಮಿಷದ ಗ್ರಾಮಫೋನ್ ತಟ್ಟೆ. ಮುಳ್ಳಿನ ಕರಕರ ಸದ್ದಿನ ನಡುವೆಯೂ ಆ ಕಂಠ ತಿಳಿಯಾಗಿ ಕೇಳುತ್ತದೆ. ‘ಕನ್ನಡ ಕೋಗಿಲೆ’ ಎಂದು ಜನ ಕರೆದದ್ದು ಸುಮ್ಮನಲ್ಲ. 1965ರಲ್ಲಿ ತೀರಿಕೊಂಡರು. ಅಮೀರ್‌ಬಾಯಿ ಮೇಲೆ ರಹಮತ್ ತರೀಕೆರೆ ಬರೆದ ಪುಸ್ತಕವಿದೆ, ತಪ್ಪದೆ ಓದಿ.