ಅಲೆಹಲಗೆಯ ಸಣ್ಣ ಗಾಯಗಳು

ಅಲೆಯ ಇಳಿಜಾರಿನ ಮೇಲೆ ಹಲಗೆಯೊಂದನ್ನೇರಿ ದಡದತ್ತ ಜಾರಿ ಬರುವ ವಿನೋದವು ಹವಾಯಿ ದ್ವೀಪಗಳಿಂದ ಜಗತ್ತಿಗೆಲ್ಲ ಹಬ್ಬಿತು. ನಮ್ಮ ಕರಾವಳಿಗೂ ಅದು ಇಂದು ಅಪರಿಚಿತವಲ್ಲ. 2004ರಲ್ಲಿ ಮೂಲ್ಕಿಯಲ್ಲಿ ಇದಕ್ಕಾಗಿ ಒಂದು ಸಂಘವು ಹುಟ್ಟಿತು; 2016ರಲ್ಲಿ ಮಂಗಳೂರಿಗೆ ಸಮೀಪದ ಸಸಿಹಿತ್ಲುವಿನಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಯೇ ನಡೆಯಿತು. ಅಲೆಹಲಗೆಯು ಬೆಲೆಬಾಳುವ ವಸ್ತು. ಬಂಡೆಗೆ ತಗುಲಿಯೋ ಕೈತಪ್ಪಿ ನೆಲಕ್ಕೆ ಬಿದ್ದೋ ಅದರ ಮೈಯಲ್ಲಿ ನಾಣ್ಯದಗಲದ ಗಾಯವಾಗುವುದು ಸಾಮಾನ್ಯ. ಸವಾರರು ಇದನ್ನು 'ಡಿಂಗ್' ಎನ್ನುತ್ತಾರೆ. ಇಷ್ಟು ಸಣ್ಣ ಗಾಯವು ಇಡೀ ಹಲಗೆಯನ್ನು ಕೆಡಿಸಬಲ್ಲುದೇ? ಕೆಡಿಸಬಲ್ಲುದು. ಅದು ಹೇಗೆ, ಮತ್ತು ಮನೆಯಲ್ಲಿಯೇ ಅದನ್ನು ಸರಿಪಡಿಸುವ ಬಗೆ ಯಾವುದು ಎಂಬುದನ್ನು ವಿಚಾರಮಾಡೋಣ.

ಹಿಂದಿನ ಹಲಗೆಗಳು ಇಡಿಯ ಮರದವು. 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯದ ಹೋಬಿ ಆಲ್ಟರ್ ಮತ್ತು ಗಾರ್ಡನ್ ಕ್ಲಾರ್ಕ್ ಎಂಬವರು ಪಾಲಿಯುರೆಥೇನ್ ಫೋಮಿನಿಂದ, ಎಂದರೆ ಗಟ್ಟಿಗೊಂಡ ನೊರೆಯಿಂದ, ಹಲಗೆಯ ತಿರುಳನ್ನು ಮಾಡುವ ವಿಧಾನವನ್ನು ಬಳಕೆಗೆ ತಂದರು. ಈ ತಿರುಳಿನ ಮೇಲೆ ಗಾಜಿನ ಎಳೆಗಳಿಂದ ನೇಯ್ದ ಬಟ್ಟೆಯನ್ನು ಹಾಸಿ, ರಾಳದಲ್ಲಿ ತೋಯಿಸಿ ಗಟ್ಟಿಮಾಡುತ್ತಾರೆ. ತೆಳುವಾದ ಈ ಚರ್ಮವೇ ಹಲಗೆಯ ಬಲ. ಸವಾರನು ಮೇಲೆ ನಿಂತಾಗ ಹಲಗೆಯು ಬಾಗಲೆತ್ನಿಸುತ್ತದೆ. ಆಗ ಒಂದು ಮೈಯ ಚರ್ಮವು ಹಿಗ್ಗುವ ಎಳೆತಕ್ಕೂ, ಎದುರು ಮೈಯ ಚರ್ಮವು ಕುಗ್ಗುವ ಒತ್ತಡಕ್ಕೂ ಒಳಗಾಗುತ್ತದೆ. ತಿರುಳಿನ ಕೆಲಸ ಈ ಎರಡು ಚರ್ಮಗಳನ್ನು ದೂರದೂರ ಹಿಡಿದಿಡುವುದು. ಉಕ್ಕಿನ ತೊಲೆಯ ಅಡ್ಡಕೊಯ್ತವು ಇಂಗ್ಲಿಷಿನ 'ಐ' ಅಕ್ಷರದಂತೆ ಇರುವುದಕ್ಕೂ ಇದೇ ಕಾರಣ. ಆದುದರಿಂದ ಚರ್ಮದಲ್ಲಿ ಬಿರುಕು ಬಿಟ್ಟರೆ ಬಲವು ಹರಿಯುವ ದಾರಿಯೇ ಅಲ್ಲಿ ಕಡಿದುಹೋಗುತ್ತದೆ.

ಇದಕ್ಕಿಂತ ದೊಡ್ಡ ಕೇಡು ನೀರಿನದು. ಬಿಸಿಲಿನಲ್ಲಿ ಬಿದ್ದ ಹಲಗೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್‌ಗೆ ಏರಿತೆನ್ನೋಣ. ಒಳಗಿನ ಗಾಳಿ ಹಿಗ್ಗಿ, ಸ್ವಲ್ಪ ಭಾಗ ಬಿರುಕಿನಿಂದ ಹೊರಹೋಗುತ್ತದೆ. ಅನಂತರ ಹಲಗೆಯನ್ನು 28 ಡಿಗ್ರಿಯ ಸಮುದ್ರಕ್ಕೆ ಇಳಿಸಿದೆವು. ಈಗ ಬಿರುಕನ್ನು ನೀರು ಮುಚ್ಚಿದೆ. ಒಳಗಿನ ಗಾಳಿ ತಣಿಯುತ್ತಿದೆ. ಕೆಲ್ವಿನ್ ಮಾನದಲ್ಲಿ ಈ ಉಷ್ಣತೆಗಳು 333 ಮತ್ತು 301. ಗಾತ್ರವು ಬದಲಾಗದಿದ್ದರೆ ಗಾಳಿಯ ಒತ್ತಡವು ನಿರಪೇಕ್ಷ ಉಷ್ಣತೆಗೆ ಅನುಪಾತದಲ್ಲಿರುವುದೆಂಬ ನಿಯಮದಂತೆ, ಒತ್ತಡವು ಸುಮಾರು ಹತ್ತರಲ್ಲೊಂದು ಪಾಲು ಇಳಿಯಬೇಕು. ಇದು ಒಂದು ಮೀಟರ್ ಎತ್ತರದ ನೀರಿನ ಕಂಬದ ಒತ್ತಡಕ್ಕೆ ಸಮ! ಎಂದರೆ ಹಲಗೆಯು ಪಂಪಿನಂತೆ ನೀರನ್ನು ಒಳಕ್ಕೆ ಹೀರುತ್ತದೆ. ದಿನದಿನವೂ ಇದು ನಡೆದರೆ ತಿರುಳು ತೊಯ್ದು ಭಾರವಾಗುತ್ತದೆ, ಚರ್ಮವು ಕಳಚಿಕೊಳ್ಳುತ್ತದೆ. ಸುಮಾರು 3 ಕಿಲೋಗ್ರಾಮ್ ತೂಗುವ ಹಲಗೆಗೆ ಅರ್ಧ ಲೀಟರ್ ನೀರು ಹೊಕ್ಕರೂ ತೂಕವು ಆರರಲ್ಲೊಂದು ಪಾಲು ಹೆಚ್ಚಿತು. ಆದಕಾರಣ ಗಾಯವನ್ನು ಕಂಡ ಕೂಡಲೇ ನೀರಿನಿಂದ ಹೊರಬರುವುದು ಮೊದಲನೆಯ ಚಿಕಿತ್ಸೆ.

ರಾಳವನ್ನು ಕೊಳ್ಳುವ ಮೊದಲು ತಿರುಳು ಯಾವುದೆಂದು ತಿಳಿಯಬೇಕು. 2005ರ ಡಿಸೆಂಬರಿನಲ್ಲಿ ಕ್ಲಾರ್ಕರ ಕಾರ್ಖಾನೆಯು ಹಠಾತ್ತನೆ ಮುಚ್ಚಿದ ಮೇಲೆ ಪಾಲಿಸ್ಟೈರೀನ್ ಫೋಮಿನ ಹಲಗೆಗಳ ಬಳಕೆ ಹೆಚ್ಚಿತು. ಇದು ನಮಗೆಲ್ಲ ಪರಿಚಿತವಾದ ಥರ್ಮೊಕೋಲಿನ ಬಂಧು. ಗಾಯದೊಳಗೆ ಇಣುಕಿದಾಗ ಸಣ್ಣ ಮಣಿಗಳು ಅಂಟಿಕೊಂಡಂತೆ ಕಂಡರೆ ಅದು ಪಾಲಿಸ್ಟೈರೀನ್. ನುಣುಪಾಗಿ, ಉಜ್ಜಿದರೆ ಹುಡಿಯಾಗುವಂತಿದ್ದರೆ ಪಾಲಿಯುರೆಥೇನ್. ಅಸಿಟೋನಿನಲ್ಲಿ ಥರ್ಮೊಕೋಲಿನ ತುಂಡು ಕ್ಷಣಾರ್ಧದಲ್ಲಿ ಕರಗಿ ಮಾಯವಾಗುವುದನ್ನು ತರಗತಿಯಲ್ಲಿ ನಾವು ತೋರಿಸುವುದುಂಟು. ಪಾಲಿಯೆಸ್ಟರ್ ರಾಳದಲ್ಲಿರುವ ಸ್ಟೈರೀನ್ ದ್ರವವೂ ಇದನ್ನೇ ಮಾಡುತ್ತದೆ. ಪಾಲಿಸ್ಟೈರೀನ್ ಹಲಗೆಯ ಗಾಯಕ್ಕೆ ಈ ರಾಳವನ್ನು ಸುರಿದರೆ ಗಾಯವು ಗುಹೆಯಾಗುತ್ತದೆ. ಎಪಾಕ್ಸಿ ರಾಳವಾದರೋ ಎರಡು ಬಗೆಯ ತಿರುಳಿಗೂ ಹೊಂದುತ್ತದೆ. ಸಂದೇಹವಿದ್ದಲ್ಲಿ ಎಪಾಕ್ಸಿಯನ್ನೇ ಆರಿಸುವುದು ಕ್ಷೇಮ.

ಇನ್ನು ಕೆಲಸದ ಕ್ರಮ. ಗಾಯವನ್ನು ಸಿಹಿನೀರಿನಿಂದ ತೊಳೆಯಬೇಕು; ಉಪ್ಪು ಉಳಿದರೆ ಅದು ಗಾಳಿಯ ತೇವವನ್ನು ಸೆಳೆಯುತ್ತಲೇ ಇರುತ್ತದೆ. ಬಳಿಕ ಗಾಯವು ಕೆಳಮುಖವಾಗುವಂತೆ ಹಲಗೆಯನ್ನು ನೆರಳಿನಲ್ಲಿಟ್ಟು, ಅಗತ್ಯವಾದರೆ ಹಲವು ದಿನ, ಪೂರ್ಣವಾಗಿ ಒಣಗಿಸಬೇಕು. ಅವಸರಪಟ್ಟು ಬಿಸಿಲಿಗೆ ಒಡ್ಡಬಾರದು. ಒಳಗಿನ ಆವಿಯು ಹಿಗ್ಗಿ ಚರ್ಮವನ್ನು ಎಬ್ಬಿಸೀತು. ಕಾಲು ಜಾರದಿರಲೆಂದು ಬಳಿದ ಮೇಣವನ್ನು ಗಾಯದ ಸುತ್ತ ಕೆರೆದು ತೆಗೆಯಬೇಕು, ಏಕೆಂದರೆ ಮೇಣದ ಮೇಲೆ ರಾಳವು ಅಂಟುವುದಿಲ್ಲ. ಸಡಿಲವಾದ ಚೂರುಗಳನ್ನು ಕತ್ತರಿಸಿ, ಸುತ್ತಲೂ ಎರಡು ಮೂರು ಸೆಂಟಿಮೀಟರ್‌ವರೆಗೆ 80ನೆಯ ಸಂಖ್ಯೆಯ ಮರಳುಕಾಗದದಿಂದ ಉಜ್ಜಬೇಕು. ಒರಟಾದ ಮೈಯಲ್ಲಿ ರಾಳಕ್ಕೆ ಹಿಡಿತ ಹೆಚ್ಚು.

ಗುಳಿಯಿದ್ದರೆ ರಾಳಕ್ಕೆ ಟೊಳ್ಳು ಗಾಜಿನ ಸೂಕ್ಷ್ಮ ಗುಂಡುಗಳ ಪುಡಿಯನ್ನು ಬೆರೆಸಿ ತುಂಬಬೇಕು. ಬರಿಯ ರಾಳವು ಭಾರ ಮತ್ತು ಪೆಡಸು. ಅದರ ಮೇಲೆ ಗಾಯಕ್ಕಿಂತ ಅಗಲವಾದ ಗಾಜಿನ ಬಟ್ಟೆಯ ತೇಪೆಯನ್ನು ಹಾಸಿ, ಎಳೆಗಳು ಪಾರದರ್ಶಕವಾಗುವವರೆಗೆ ರಾಳದಲ್ಲಿ ತೋಯಿಸಬೇಕು. ಕಡಿದ ದಾರಿಗೆ ಈ ತೇಪೆಯೇ ಸೇತುವೆ. ಸೇತುವೆಯು ಎರಡೂ ದಡಗಳ ಮೇಲೆ ಸಾಕಷ್ಟು ಕೂರದಿದ್ದರೆ ನಿಲ್ಲಲಾರದು. ತೇಪೆಯ ಅಗಲಕ್ಕೆ ಇದೇ ಕಾರಣ. ಗಟ್ಟಿಯಾದ ಮೇಲೆ ಅಂಚನ್ನು ಉಜ್ಜಿ ಸಮಮಾಡಿ, ತೆಳುವಾಗಿ ಇನ್ನೊಂದು ರಾಳದ ಲೇಪವನ್ನು ಕೊಟ್ಟು, ನುಣುಪು ಕಾಗದದಿಂದ ನೀರು ಹಾಕಿ ಉಜ್ಜಿದರೆ ಕೆಲಸವು ಮುಗಿಯಿತು.

ದ್ರವವಾದ ರಾಳವು ಗಟ್ಟಿಯಾಗುವುದು ಒಣಗುವುದರಿಂದಲ್ಲ, ರಾಸಾಯನಿಕ ಕ್ರಿಯೆಯಿಂದ. ಪಾಲಿಯೆಸ್ಟರ್ ರಾಳಕ್ಕೆ ನೂರಕ್ಕೆ ಒಂದೆರಡು ಪಾಲು ಪೆರಾಕ್ಸೈಡ್ ಬೆರೆಸಿದಾಗ ಅದು ಒಡೆದು ಚುರುಕಾದ ಅಣುಭಾಗಗಳನ್ನು ಬಿಡುತ್ತದೆ. ಅವು ರಾಳದ ಸರಪಣಿಗಳನ್ನು ಒಂದಕ್ಕೊಂದು ಬೆಸೆಯುತ್ತವೆ. ಈ ಬೆಸುಗೆಯಲ್ಲಿ ಶಾಖ ಹುಟ್ಟುತ್ತದೆ. ಆಳವಾದ ಲೋಟದಲ್ಲಿ ಹೆಚ್ಚು ರಾಳವನ್ನು ಕಲಸಿಟ್ಟರೆ ಶಾಖವು ಹೊರಹೋಗಲಾರದೆ ರಾಳವು ಕಾದು ಹೊಗೆಯಾಡುವುದುಂಟು. ಅಗಲವಾದ ಪಾತ್ರೆಯಲ್ಲಿ ಸ್ವಲ್ಪಸ್ವಲ್ಪವೇ ಕಲಸಬೇಕು. ಎಪಾಕ್ಸಿಯ ನಡೆ ಬೇರೆ. ಅದರ ಗಟ್ಟಿಕಾರಕವು ಬರಿಯ ಪ್ರಚೋದಕವಲ್ಲ, ಸರಪಣಿಯ ಕೊಂಡಿಯೇ ಆಗುತ್ತದೆ. ಬೇಗ ಗಟ್ಟಿಯಾಗಲೆಂದು ಅದನ್ನು ಹೆಚ್ಚು ಬೆರೆಸಿದರೆ ರಾಳವು ಮೆದುವಾಗಿಯೇ ಉಳಿಯುತ್ತದೆ. ಡಬ್ಬದ ಮೇಲಿನ ಅನುಪಾತವನ್ನು ಅಳೆದೇ ಪಾಲಿಸಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಪಾಲಿಯೆಸ್ಟರಿಗೆ ಬಳಸುವ ಮೀಥೈಲ್ ಈಥೈಲ್ ಕೀಟೋನ್ ಪೆರಾಕ್ಸೈಡಿನ ಒಂದು ಹನಿ ಸಿಡಿದರೂ ಕಣ್ಣಿನ ದೃಷ್ಟಿಗೆ ಅಪಾಯ. ಕನ್ನಡಕ ಮತ್ತು ಕೈಚೀಲ ಧರಿಸದೆ ಅದರ ಶೀಸೆಯನ್ನು ತೆರೆಯಬಾರದು. ಕಣ್ಣಿಗೆ ಸಿಡಿದರೆ ಕೂಡಲೇ ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ನೀರಿನಿಂದ ತೊಳೆದು ವೈದ್ಯರಲ್ಲಿಗೆ ಧಾವಿಸಬೇಕು. ಅಂಗಡಿಗಳಲ್ಲಿ ಇದರೊಡನೆ ಕೋಬಾಲ್ಟ್ ವೇಗವರ್ಧಕವನ್ನೂ ಬೇರೆ ಶೀಸೆಯಲ್ಲಿ ಕೊಡುವುದುಂಟು. ಈ ಎರಡನ್ನು ನೇರವಾಗಿ ಬೆರೆಸಿದರೆ ಸ್ಫೋಟವಾಗಬಹುದು. ವೇಗವರ್ಧಕವು ಮೊದಲೇ ಸೇರಿರುವ ರಾಳವನ್ನು ಕೊಳ್ಳುವುದೇ ವಿದ್ಯಾರ್ಥಿಗಳಿಗೆ ಲೇಸು. ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರದಲ್ಲಿ, ಹಿರಿಯರೊಬ್ಬರ ಸಮಕ್ಷಮದಲ್ಲಿ ಕೆಲಸಮಾಡಬೇಕು. ಉಜ್ಜುವಾಗ ಏಳುವ ಗಾಜಿನ ಧೂಳು ಶ್ವಾಸಕೋಶಕ್ಕೆ ಹಾನಿಕರವಾದುದರಿಂದ ಧೂಳನ್ನು ತಡೆಯುವ ಮುಖವಾಡವೂ ಬೇಕು.

ಎಲ್ಲ ಗಾಯಗಳೂ ಮನೆಮದ್ದಿಗೆ ಬಗ್ಗುವುದಿಲ್ಲ. ಹಲಗೆಯ ಅಗಲಕ್ಕೂ ಮಡಿಕೆ ಬಿದ್ದಿದ್ದರೆ, ಕೆಳಗಿನ ರೆಕ್ಕೆಯ ಬುಡವು ಸಡಿಲವಾಗಿದ್ದರೆ, ಇಲ್ಲವೇ ಚರ್ಮವು ಅಂಗೈಯಗಲಕ್ಕೆ ಎದ್ದಿದ್ದರೆ ನುರಿತ ಕುಶಲಕರ್ಮಿಯ ಬಳಿಗೆ ಒಯ್ಯುವುದೇ ವಿವೇಕ. ಉಳಿದ ಸಣ್ಣ ಗಾಯಗಳಿಗೆ ಒಂದು ತುಂಡು ಗಾಜಿನ ಬಟ್ಟೆ, ಸ್ವಲ್ಪ ರಾಳ, ಮತ್ತು ತಿರುಳು ಪೂರ್ತಿ ಒಣಗುವವರೆಗೆ ಕಾಯುವ ತಾಳ್ಮೆ ಸಾಕು. ತೇವವನ್ನು ಒಳಗಿಟ್ಟು ಮುಚ್ಚಿದ ತೇಪೆಯು ಎಷ್ಟೇ ಅಂದವಾಗಿದ್ದರೂ ಬಹುಕಾಲ ಬಾಳಲಾರದು.